ಒಂದು ರೌಂಡ್ ಕೊಡುವವರಿಲ್ಲ

ಸಿಂಧನೂರಿನ ನನ್ನ ಅಕ್ಕನ ಮನೆಯಲ್ಲಿ, ತಗಡಿನ ನೆರಳಿನ ಕೆಳಗೆ, ಕೆಎ 36 ನೋಂದಣಿಯ ಒಂದು ಸ್ಪ್ಲೆಂಡರ್ ನಿಂತಿದೆ. ಹೊಲಕ್ಕೆ, ಸಂತೆಗೆ, ಮದುವೆಗೆ, ಮಣ್ಣಿಗೆ, ಎಲ್ಲಿಗೆ ಹೋಗಬೇಕಾದರೂ ಭಾವನವರು ಹತ್ತುತ್ತಿದ್ದದ್ದು ಅದನ್ನೇ. ಮೊಣಕಾಲು ಕೈಕೊಟ್ಟ ಮೇಲೆ ಗಾಡಿಗೂ ವಿಶ್ರಾಂತಿ. ಅವರ ಮಗನಿಗೆ ಹತ್ತೊಂಬತ್ತು ವರ್ಷ, ಬಿ.ಕಾಂ. ಓದುತ್ತಿದ್ದಾನೆ. ಅವನ ಅಕ್ಕ ಅವನನ್ನು ವಿದ್ಯುತ್ ಸ್ಕೂಟರಿನಲ್ಲಿ ಕಾಲೇಜಿಗೆ ಬಿಟ್ಟು ಕೆಲಸಕ್ಕೆ ಹೋಗುತ್ತಾಳೆ. ಅವಳಿಗೆ ರಜೆಯಿದ್ದ ದಿನ ಅದೇ ಸ್ಕೂಟರನ್ನು ಅವನು ಓಡಿಸುತ್ತಾನೆ. ಅಪ್ಪನ ಸ್ಪ್ಲೆಂಡರ್ ಓಡಿಸಲು ಮಾತ್ರ ಬರುವುದಿಲ್ಲ. ‘ಕಲಿಯಬೇಕು ಅನ್ನಿಸುವುದಿಲ್ಲವೇನೋ?’ ಎಂದು ಕೇಳಿದೆ. ‘ಕಲಿತು ಏನು ಮಾಡಲಿ ಮಾಮಾ?’ ಎಂದ.

ಅವನ ಮಾತಿನಲ್ಲಿ ಉಡಾಫೆ ಇರಲಿಲ್ಲ, ನಿಜವಾಗಿಯೂ ಕೇಳಿದ್ದ. ನನ್ನ ಓರಗೆಯವರಿಗೆ ಈ ಪ್ರಶ್ನೆ ಕನಸಿನಲ್ಲೂ ಹೊಳೆದಿರಲಿಲ್ಲ. ಈಜು ಕಲಿತಂತೆ, ಎತ್ತು ಹೂಡುವುದನ್ನು ಕಲಿತಂತೆ ಗಾಡಿಯನ್ನೂ ಕಲಿತೆವು. ಇಪ್ಪತ್ತೈದು ವರ್ಷಗಳಲ್ಲಿ ಅದು ಹೇಗೆ ಬೇಕಿದ್ದರೆ ಕಲಿಯುವ, ಬೇಡವಾದರೆ ಬಿಡುವ ವಿದ್ಯೆಯಾಯಿತು?

ರಾಯಚೂರಿನಲ್ಲೋ ಬಳ್ಳಾರಿಯಲ್ಲೋ ಸಂಜೆ ಆರು ಗಂಟೆಗೆ ರಸ್ತೆ ದಾಟಲು ಹೆಣಗುವವರು, ಬೈಕ್ ಓಡಿಸುವ ಹುಡುಗರು ಕಡಿಮೆಯಾಗಿದ್ದಾರೆ ಎಂದರೆ ನಕ್ಕಾರು. ಅವರ ನಗುವಿಗೆ ಅರ್ಥವಿದೆ. ದ್ವಿಚಕ್ರ ವಾಹನಗಳ ಒಟ್ಟು ಸಂಖ್ಯೆಯೇನೂ ಕರಗಿಲ್ಲ. ಆದರೆ ಆ ಗುಂಪಿನೊಳಗೆ ಯಾವ ಗಾಡಿ ಎಷ್ಟಿದೆ ಎಂದು ನೋಡಿದರೆ ಕಥೆ ಬೇರೆ. ವಾಹನ ತಯಾರಕರ ಒಕ್ಕೂಟವಾದ ಸಿಯಾಮ್‌ನ ಲೆಕ್ಕದಂತೆ 2018–19ರಲ್ಲಿ ದೇಶದೊಳಗೆ ಸುಮಾರು 1.36 ಕೋಟಿ ಮೋಟಾರ್ ಸೈಕಲ್‌ಗಳು ಮಾರಾಟವಾದವು. ಆರು ವರ್ಷ ಕಳೆದು 2024–25ಕ್ಕೆ ಬಂದರೆ ಆ ಸಂಖ್ಯೆ 1.22 ಕೋಟಿಯ ಆಸುಪಾಸಿನಲ್ಲಿದೆ. ನಡುವೆ ಕೋವಿಡ್ ಬಂದುಹೋಯಿತು, ನಿಜ. ಆದರೆ ಅದೇ ಕೋವಿಡ್ ದಾಟಿದ ಸ್ಕೂಟರ್ 67 ಲಕ್ಷದಿಂದ 68 ಲಕ್ಷದ ಮೇಲಕ್ಕೆ ಹೋಗಿ ತನ್ನ ಹಳೆಯ ದಾಖಲೆಯನ್ನೇ ಮುರಿಯಿತು. 2024–25ರಲ್ಲಿ ನೋಂದಣಿಯಾದ ವಿದ್ಯುತ್ ದ್ವಿಚಕ್ರ ವಾಹನಗಳು 11 ಲಕ್ಷಕ್ಕೂ ಹೆಚ್ಚು, ಅವುಗಳಲ್ಲಿ ಹೆಚ್ಚಿನವು ಸ್ಕೂಟರ್‌ಗಳೇ.

ಮೋಟಾರ್ ಸೈಕಲ್‌ಗಳಲ್ಲೂ ಎಲ್ಲ ಬಗೆಯವು ಸಮನಾಗಿ ಕುಗ್ಗಿಲ್ಲ. ಹೆಚ್ಚು ಪೆಟ್ಟು ತಿಂದದ್ದು ನೂರು, ನೂರಹತ್ತು ಸಿಸಿಯ ಅಗ್ಗದ ಗಾಡಿ. 125 ಸಿಸಿಯವು ಬೆಳೆದಿವೆ. ರಾಯಲ್ ಎನ್‌ಫೀಲ್ಡ್ 2024–25ರಲ್ಲಿ ಮೊದಲ ಬಾರಿಗೆ ವರ್ಷಕ್ಕೆ ಹತ್ತು ಲಕ್ಷದ ಗಡಿ ದಾಟಿತು. ಹಾಗಾಗಿ ಕಾಸಿದ್ದವರ ಮಗ ಇಂದಿಗೂ ಬೈಕ್ ಕೊಳ್ಳುತ್ತಾನೆ, ಮೊದಲಿಗಿಂತ ದೊಡ್ಡದನ್ನೇ ಕೊಳ್ಳುತ್ತಾನೆ. ಕಾಣೆಯಾಗುತ್ತಿರುವುದು ಮೊದಲ ಬೈಕು. ಕಾರಟಗಿಯ ಅಕ್ಕಿ ಗಿರಣಿಯ ಲೆಕ್ಕಿಗನ ಮಗನೋ ಮಾನ್ವಿಯ ಐದೆಕರೆ ರೈತನ ಮಗನೋ ಹತ್ತೊಂಬತ್ತಕ್ಕೋ ಇಪ್ಪತ್ತಕ್ಕೋ ಕೊಳ್ಳುತ್ತಿದ್ದ ಗಾಡಿ ಅದು.

ಕಾರಣ ಕೇಳಿದರೆ ಎಲ್ಲರೂ ಮೊಬೈಲ್ ಕಡೆಗೆ ಬೆರಳು ತೋರಿಸುತ್ತಾರೆ. ಅದರ ಪಾಲು ಇದೆ, ಮುಂದೆ ಹೇಳುತ್ತೇನೆ. ನನಗೆ ಕಾಣುವ ಮೂಲ ಕಾರಣ ಬೇರೆ. ನಮ್ಮ ಕಡೆ ಬೈಕನ್ನು ಯಾರೂ ಸ್ವಂತ ಗಾಡಿಯ ಮೇಲೆ ಕಲಿತವರಲ್ಲ. ಅದು ಎರವಲು ಗಾಡಿಯ ಮೇಲೆ ಬಂದ ವಿದ್ಯೆ, ಮತ್ತು ಈ ಎರವಲಿನ ವ್ಯವಸ್ಥೆ ಮುರಿದುಬಿದ್ದಿದೆ.

ಕಾರು ಕಲಿಸಲು ಡ್ರೈವಿಂಗ್ ಸ್ಕೂಲ್ ಇದೆ. ಬೈಕ್ ಕಲಿಸುವ ಶಾಲೆಯನ್ನು ಗಂಗಾವತಿಯಲ್ಲಾಗಲಿ ಸಿರುಗುಪ್ಪದಲ್ಲಾಗಲಿ ನಾನು ಕಂಡಿಲ್ಲ. ನಾನು ಹದಿನಾಲ್ಕನೇ ವಯಸ್ಸಿಗೆ ಹ್ಯಾಂಡಲ್ ಹಿಡಿದದ್ದು ಊರಿನ ಗೊಬ್ಬರದ ಅಂಗಡಿಯವರ ಟಿವಿಎಸ್ 50ರಲ್ಲಿ. 1980ರಲ್ಲಿ ಹೊಸೂರಿನಿಂದ ಹೊರಬಂದ ಈ ಮೊಪೆಡ್‌ಗೆ ಗೇರ್ ಇಲ್ಲ, ಕ್ಲಚ್ ಹಿಡಿಯುವ ಗೊಡವೆ ಇಲ್ಲ. ಸೈಕಲ್ ಬಂದರೆ ಅದೂ ಬಂದಂತೆ. ಯೂರಿಯಾ ಚೀಲವನ್ನು ಗಿರಾಕಿಯ ಮನೆಗೆ ಮುಟ್ಟಿಸಿ, ಬರುವಾಗ ತುಂಗಭದ್ರಾ ಎಡದಂಡೆ ಕಾಲುವೆಯ ಏರಿಯ ಮೇಲೆ ಒಂದು ಮೈಲಿ ಸುತ್ತಿ ಬರುತ್ತಿದ್ದೆ. ಅಂಗಡಿಯವರಿಗೆ ಗೊತ್ತಿತ್ತು. ಪೆಟ್ರೋಲ್ ಮುಗಿಯುವವರೆಗೆ ಏನೂ ಅನ್ನುತ್ತಿರಲಿಲ್ಲ.

ಅಲ್ಲಿಂದ ಮೇಲಿನ ಮೆಟ್ಟಿಲು ಗೆಳೆಯನ ಅಣ್ಣನ ಆರ್‌ಎಕ್ಸ್ 100. ‘ಅಣ್ಣಾ, ಒಂದೇ ಒಂದು ರೌಂಡ್ ಕೊಡು’ ಎಂದು ಒಂದು ವಾರ ಹಿಂದೆ ಬಿದ್ದರೆ, ಹಿಂದಿನ ಸೀಟಿನಲ್ಲಿ ತಾನು ಕುಳಿತು ಒಂದು ರೌಂಡ್ ಕೊಡುತ್ತಿದ್ದ. ಆ ರೌಂಡಿನಲ್ಲಿ ಕಲಿಯುವುದು ತುಂಬ ಇತ್ತು. ಗೇರ್ ಗಾಡಿಯಲ್ಲಿ ಎರಡು ಕೈ, ಎರಡು ಕಾಲು ಒಂದೊಂದೂ ಬೇರೆ ಬೇರೆ ಕೆಲಸ ಮಾಡಬೇಕು. ಬಲಗೈಗೆ ಎಕ್ಸಲೇಟರ್ ಮತ್ತು ಮುಂದಿನ ಬ್ರೇಕ್, ಬಲಗಾಲಿಗೆ ಹಿಂದಿನ ಬ್ರೇಕ್, ಎಡಗೈಗೆ ಕ್ಲಚ್, ಎಡಗಾಲಿಗೆ ಗೇರ್. ಎಂಜಿನ್ ಸದಾ ತಿರುಗುತ್ತಿರುತ್ತದೆ, ಚಕ್ರ ನಿಂತಿರುತ್ತದೆ. ತಿರುಗುವುದನ್ನೂ ನಿಂತದ್ದನ್ನೂ ಒಮ್ಮೆಲೇ ಗಂಟು ಹಾಕಿದರೆ ಗಾಡಿ ಎಗರಿ ಸಾಯುತ್ತದೆ. ಕ್ಲಚ್ಚನ್ನು ಮೆಲ್ಲಗೆ ಬಿಡುತ್ತಾ ಎರಡರ ನಡುವೆ ಉಜ್ಜಾಟ ನಡೆಯಲು ಬಿಡಬೇಕು. ಇದೇ ‘ಹಾಫ್ ಕ್ಲಚ್’. ಇದನ್ನು ಬಾಯಲ್ಲಿ ಎಷ್ಟು ಹೇಳಿದರೂ ತಲೆಗೆ ಹತ್ತುವುದಿಲ್ಲ. ಇಪ್ಪತ್ತು ಸಲ ಗಾಡಿ ಆಫ್ ಆಗಬೇಕು, ಹಿಂದೆ ಕುಳಿತವನು ಇಪ್ಪತ್ತು ಸಲ ಬೈಯಬೇಕು. ಇಪ್ಪತ್ತೊಂದನೆಯ ಸಲ ಎಡಗೈ ತಾನಾಗಿ ಕಲಿತಿರುತ್ತದೆ.

ಸ್ಕೂಟರಿನಲ್ಲಿ ಈ ಕಲಿಕೆಯೇ ಬೇಕಿಲ್ಲ. ಅದರಲ್ಲಿ ಎರಡು ರಾಟೆ, ನಡುವೆ ಒಂದು ಬೆಲ್ಟ್. ವೇಗಕ್ಕೆ ತಕ್ಕಂತೆ ರಾಟೆಗಳು ತಾವೇ ಹಿಗ್ಗಿ ಕುಗ್ಗಿ ಗೇರಿನ ಕೆಲಸ ಮಾಡುತ್ತವೆ. ವಿದ್ಯುತ್ ಸ್ಕೂಟರಿಗೆ ಅಷ್ಟೂ ಬೇಡ. ಮೋಟಾರು ನಿಂತಲ್ಲಿಂದಲೇ ಪೂರ್ತಿ ಬಲ ಕೊಡುತ್ತದೆ, ಹಾಗಾಗಿ ಕ್ಲಚ್ಚಿಗೆ ಅಲ್ಲಿ ಕೆಲಸವೇ ಇಲ್ಲ. ಹತ್ತು ನಿಮಿಷದಲ್ಲಿ ಬರುವ ವಿದ್ಯೆ ಪಕ್ಕದಲ್ಲಿರುವಾಗ, ಹದಿನೈದು ದಿನ ಬೈಗುಳ ತಿಂದು ಕಲಿಯುವ ವಿದ್ಯೆಗೆ ಯಾರು ಕೈ ಹಾಕುತ್ತಾರೆ? ನನ್ನ ಅಳಿಯ ಸೋಮಾರಿಯಲ್ಲ. ಅವನಿಗೆ ಲೆಕ್ಕ ಬರುತ್ತದೆ, ಅಷ್ಟೆ.

ಈಗ ಆ ಎರವಲು ಮುರಿದದ್ದು ಹೇಗೆ ಎಂಬುದಕ್ಕೆ ಬರುತ್ತೇನೆ. ಮೊದಲ ಪೆಟ್ಟು ಕಾನೂನಿನದು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಗಿ 199ಎ ಎಂಬ ಹೊಸ ಕಲಂ ಸೇರಿತು. ಅಪ್ರಾಪ್ತರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರು ಅಥವಾ ಗಾಡಿಯ ಮಾಲೀಕರು 25 ಸಾವಿರ ರೂಪಾಯಿ ದಂಡ ಕಟ್ಟಬೇಕು, ಮೂರು ವರ್ಷದವರೆಗೆ ಜೈಲೂ ಆಗಬಹುದು. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಸಿಕ್ಕಿಬಿದ್ದ ಹುಡುಗನಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಕೋರ್ಟು ಯಾರದೋ ತಂದೆಗೆ 25 ಸಾವಿರ ದಂಡ ಹಾಕಿದ ಸುದ್ದಿ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬಂದ ದಿನ ಊರಿನ ಎಷ್ಟು ಅಪ್ಪಂದಿರು ಗಾಡಿಯ ಕೀಲಿಯನ್ನು ಗೂಟದಿಂದ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೋ ಲೆಕ್ಕವಿಲ್ಲ. ಗೊಬ್ಬರದ ಅಂಗಡಿಯವರಂತೂ ಈಗ ಕೆಲಸದ ಹುಡುಗನ ಕೈಗೆ ಗಾಡಿ ಕೊಡುವ ಮಾತೇ ಇಲ್ಲ.

ಈ ಕಾನೂನು ತಪ್ಪು ಎಂದು ನಾನು ಹೇಳುವುದಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇಕಡ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದ ಮೇಲಿದ್ದವರು. ಹದಿನಾಲ್ಕಕ್ಕೆ ಕಾಲುವೆ ಏರಿಯ ಮೇಲೆ ಗಾಡಿ ಓಡಿಸಿದ ನಾನು ಬದುಕಿ ಉಳಿದದ್ದು ಜಾಣತನದಿಂದಲ್ಲ. ಆದರೆ ಕಾನೂನು ಒಂದು ಬಾಗಿಲು ಮುಚ್ಚಿ, ಇನ್ನೊಂದು ಬಾಗಿಲನ್ನು ಬರೀ ಕಾಗದದ ಮೇಲೆ ತೆರೆದಿಟ್ಟಿದೆ ಎಂಬುದನ್ನು ಹೇಳಲೇಬೇಕು. ಹದಿನಾರು ತುಂಬಿದವರು ಪೋಷಕರ ಒಪ್ಪಿಗೆಯೊಂದಿಗೆ 50 ಸಿಸಿ ಮೀರದ, ಗೇರ್ ಇಲ್ಲದ ಗಾಡಿಗೆ ಲೈಸೆನ್ಸ್ ಪಡೆಯಬಹುದು ಎಂಬ ಅವಕಾಶ ಕಾಯ್ದೆಯಲ್ಲಿ ಇಂದಿಗೂ ಇದೆ. ಟಿವಿಎಸ್ 50ರ ಕಾಲಕ್ಕೆ ಹೊಂದುತ್ತಿದ್ದ ಮಾತು ಅದು. ಈಗ 50 ಸಿಸಿಯ ಪೆಟ್ರೋಲ್ ಗಾಡಿ ಷೋರೂಮಿನಲ್ಲಿ ಎಲ್ಲಿದೆ? ರೈತರು ಇಂದು ಮೂಟೆ ಹೇರುವ ಎಕ್ಸ್‌ಎಲ್ 100ರ ಎಂಜಿನ್ನೇ 99.7 ಸಿಸಿ. ಹದಿನಾರರ ಹುಡುಗನಿಗೆ ಲೈಸೆನ್ಸ್ ಸಿಗುತ್ತದೆ, ಅದಕ್ಕೆ ತಕ್ಕ ಗಾಡಿ ಸಿಗುವುದಿಲ್ಲ.

ಆ ಜಾಗಕ್ಕೆ ಬಂದು ಕುಳಿತದ್ದು ನಿಧಾನ ವೇಗದ ವಿದ್ಯುತ್ ಗಾಡಿ. ಗಂಟೆಗೆ 25 ಕಿಲೋಮೀಟರ್ ಮೀರದ, 250 ವ್ಯಾಟ್ ಮೀರದ ಮೋಟಾರಿನ ಗಾಡಿಗೆ ನೋಂದಣಿಯೂ ಬೇಡ, ಲೈಸೆನ್ಸೂ ಬೇಡ. ಹೈಸ್ಕೂಲ್ ಮಕ್ಕಳು ಕಲಿಯುವುದು ಇದರಲ್ಲಿ. ಹದಿನೆಂಟು ತುಂಬಿದಾಗ ಅವರು ಹತ್ತುವ ಮುಂದಿನ ಮೆಟ್ಟಿಲು ಸಹಜವಾಗಿ ಸ್ಕೂಟರ್, ಬೈಕಲ್ಲ. ಸಾರಿಗೆ ಕಚೇರಿಯಲ್ಲೂ ಅವರು ತೆಗೆಸುವುದು ಗೇರ್ ರಹಿತ ಗಾಡಿಯ ಲೈಸೆನ್ಸ್. ಗೇರ್ ಗಾಡಿಯ ಲೈಸೆನ್ಸ್ ಇದ್ದವರು ಸ್ಕೂಟರ್ ಓಡಿಸಬಹುದು, ಸ್ಕೂಟರಿನ ಲೈಸೆನ್ಸ್ ಇದ್ದವರು ಬೈಕ್ ಓಡಿಸುವಂತಿಲ್ಲ. ಸಣ್ಣ ನಿಯಮ, ಆದರೆ ಒಮ್ಮೆ ಆ ಸಾಲಿನಲ್ಲಿ ನಿಂತವರು ಈ ಸಾಲಿಗೆ ಮರಳುವುದು ಅಪರೂಪ.

ಇನ್ನು ದುಡ್ಡಿನ ಲೆಕ್ಕ. ಹಿಂದೆ ಅಪ್ಪನ ಗಾಡಿ ಮಗನಿಗೆ ಬರುತ್ತಿತ್ತು. ಭತ್ತ ಚೆನ್ನಾಗಿ ಬಂದ ವರ್ಷ ಅಪ್ಪ ಹೊಸ ಗಾಡಿ ತರುತ್ತಿದ್ದ, ಹಳೆಯದು ಮಗನ ಪಾಲಾಗುತ್ತಿತ್ತು. ಈ ಇಳಿಗಾಡಿಯ ಪದ್ಧತಿ ನಡೆಯಬೇಕಾದರೆ ಅಪ್ಪನಿಗೆ ಏಳೆಂಟು ವರ್ಷಕ್ಕೊಮ್ಮೆ ಹೊಸದನ್ನು ಕೊಳ್ಳುವ ತಾಕತ್ತಿರಬೇಕು. ಆ ತಾಕತ್ತನ್ನು 2018ರಿಂದ 2020ರೊಳಗೆ ಒಂದರ ಹಿಂದೊಂದು ಬಂದ ಮೂರು ನಿಯಮಗಳು ಅಲುಗಾಡಿಸಿದವು. 2018ರ ಸೆಪ್ಟೆಂಬರಿನಿಂದ ಹೊಸ ಗಾಡಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗಾಗುವ ಹಾನಿಯ ವಿಮೆಯನ್ನು, ಒಮ್ಮೆಗೇ ಕಟ್ಟುವುದು ಕಡ್ಡಾಯವಾಯಿತು. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಗಾಡಿಗೆ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ಬ್ರೇಕ್, ಅದಕ್ಕಿಂತ ಚಿಕ್ಕದಕ್ಕೆ ಎರಡೂ ಬ್ರೇಕ್ ಒಟ್ಟಿಗೆ ಹಿಡಿಯುವ ವ್ಯವಸ್ಥೆ ಬಂತು. 2020ರ ಏಪ್ರಿಲ್ 1ರಂದು ಬಿಎಸ್ 6 ಮಾಲಿನ್ಯ ನಿಯಮ ಜಾರಿಗೆ ಬಂದು ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕಳಿಸುವ ಕಾರ್ಬುರೇಟರ್ ಜಾಗದಲ್ಲಿ ಫ್ಯುಯೆಲ್ ಇಂಜೆಕ್ಷನ್ ಕುಳಿತಿತು. ಒಂದೊಂದನ್ನೂ ಪ್ರತ್ಯೇಕವಾಗಿ ನೋಡಿದರೆ ಒಳ್ಳೆಯದೇ. ಮೂರೂ ಸೇರಿ, ಜೊತೆಗೆ ಉಕ್ಕಿನ ಬೆಲೆಯೂ ಏರಿ, 2019ರಲ್ಲಿ ಐವತ್ತು ಸಾವಿರದ ಆಸುಪಾಸಿನಲ್ಲಿದ್ದ ಸ್ಪ್ಲೆಂಡರಿನ ಷೋರೂಂ ಬೆಲೆ 2024ರ ಹೊತ್ತಿಗೆ ಎಪ್ಪತ್ತೈದು ಸಾವಿರಕ್ಕೆ ಮುಟ್ಟಿತು.

ಷೋರೂಂ ಬೆಲೆ ಎಂಬುದು ಆರಂಭ ಮಾತ್ರ. ಐವತ್ತು ಸಾವಿರದಿಂದ ಒಂದು ಲಕ್ಷದೊಳಗಿನ ಗಾಡಿಗೆ ಕರ್ನಾಟಕದ ಆಜೀವ ತೆರಿಗೆ ಶೇಕಡ 12. ಎಪ್ಪತ್ತೈದು ಸಾವಿರಕ್ಕೆ ಅದೇ ಒಂಬತ್ತು ಸಾವಿರ, ಮೇಲೆ ಸೆಸ್. ನೂರು ಸಿಸಿಯ ಗಾಡಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ, 2022ರ ದರದಂತೆ, 3,851 ರೂಪಾಯಿ ಮತ್ತು ಅದರ ತೆರಿಗೆ. ನೋಂದಣಿ, ಗಾಡಿಯ ಸ್ವಂತ ವಿಮೆ, ಗಾರ್ಡು, ಸೀಟ್ ಕವರ್, ಹೆಲ್ಮೆಟ್ ಎಲ್ಲ ಸೇರಿದರೆ ತೊಂಬತ್ತು ಸಾವಿರ ದಾಟಿಯೇ ಗಾಡಿ ರಸ್ತೆಗಿಳಿಯುತ್ತದೆ. 150 ಸಿಸಿಯ ಆಸೆಯಿದ್ದ ಹುಡುಗ ಒಂದು ಲಕ್ಷದ ಗೆರೆ ದಾಟಿದ ಕೂಡಲೇ ತೆರಿಗೆ ಶೇಕಡ 18ಕ್ಕೆ ಹಾರುತ್ತದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದು ನೂರು ಸಿಸಿಯ ಬೆಲೆಯಲ್ಲಿ ಐದಾರು ಸಾವಿರ ಕಡಿಮೆಯಾಯಿತು. ಆ ವರ್ಷದ ದಸರೆಯಲ್ಲಿ ಗಾಡಿಗಳಿಗೆ ಮಾಲೆ ಹಾಕಿ ಪೂಜೆ ಮಾಡಿಸುವವರ ಸಾಲು ಉದ್ದವಾಗಿತ್ತು. ಆದರೆ ಐದು ವರ್ಷದಲ್ಲಿ ಇಪ್ಪತ್ತೈದು ಸಾವಿರ ಏರಿದ್ದು ಒಂದೇಟಿಗೆ ಐದಾರು ಸಾವಿರ ಇಳಿದರೆ ಅಪ್ಪ ಹಳೆಯ ಗಾಡಿಯನ್ನು ಮಗನಿಗೆ ಬಿಟ್ಟುಕೊಡುವಷ್ಟು ಧಾರಾಳಿಯಾಗುವುದಿಲ್ಲ.

ನಮ್ಮ ಜಿಲ್ಲೆಗಳಲ್ಲಿ ಗಾಡಿಯ ಭವಿಷ್ಯ ಬರೆಯುವುದು ಷೋರೂಮಿಗಿಂತ ಹೆಚ್ಚಾಗಿ ಕಾಲುವೆ. ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿಯ ಮನೆಗಳಿಗೆ ಎರಡನೆಯ ಬೆಳೆ ಬಂದರೆ ಕೈಯಲ್ಲಿ ರೊಕ್ಕ ಆಡುತ್ತದೆ, ಬಾರದಿದ್ದರೆ ಹಳೆಯ ಗಾಡಿಗೇ ಇನ್ನೊಂದು ಚೈನ್ ಸೆಟ್. 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದ ರಾತ್ರಿ ಈ ಭಾಗದ ಎಷ್ಟು ಮನೆಗಳಲ್ಲಿ ಮದುವೆ, ಮನೆ, ಗಾಡಿಯ ಮಾತುಗಳೆಲ್ಲ ಒಮ್ಮೆಗೇ ಸ್ತಬ್ಧವಾದವು ಎಂಬುದು ಇಲ್ಲಿಯವರಿಗೆ ನೆನಪಿದೆ. ಸಂಡೂರು–ಹೊಸಪೇಟೆಯ ಕಡೆ ಇದರ ತದ್ವಿರುದ್ಧ ದೃಶ್ಯವನ್ನೂ ನೋಡಿದ್ದೇವೆ. ಅದಿರಿನ ಸುಗ್ಗಿಯ ಕಾಲದಲ್ಲಿ ಲಾರಿ ಲೋಡಿಂಗಿನ ಹುಡುಗರೂ ಪಲ್ಸರ್ ಮೇಲೆ ತಿರುಗುತ್ತಿದ್ದರು, ಗಾಡಿಯ ಬಣ್ಣ ಯಾವುದೇ ಇದ್ದರೂ ವಾರದೊಳಗೆ ಕೆಂಪಾಗುತ್ತಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿದ ಮೇಲೆ ಕಂತು ಕಟ್ಟದ ಗಾಡಿಗಳನ್ನು ಫೈನಾನ್ಸಿನವರು ಹುಡುಕಿ ಹುಡುಕಿ ಎತ್ತಿಕೊಂಡು ಹೋದರು. ಆ ನೆನಪು ಕೆಲವು ಮನೆಗಳಲ್ಲಿ ಇನ್ನೂ ಹಸಿಯಾಗಿದೆ. ‘ಸಾಲದ ಗಾಡಿ ಬೇಡ’ ಎನ್ನುವ ತಾಯಂದಿರಿಗೆ ತಮ್ಮದೇ ಕಾರಣವಿದೆ.

ಗಾಡಿಯ ಒಳಗೆ ಆದ ಬದಲಾವಣೆಯನ್ನು ಮೆಕ್ಯಾನಿಕ್‌ಗಳು ಚೆನ್ನಾಗಿ ಹೇಳುತ್ತಾರೆ. ಕಾರ್ಬುರೇಟರ್ ಕಾಲದ ಗಾಡಿಯನ್ನು ಹುಡುಗರು ತಾವೇ ಬಿಚ್ಚುತ್ತಿದ್ದರು. ಪ್ಲಗ್ ತೆಗೆದು ಮರಳು ಕಾಗದದಿಂದ ಉಜ್ಜುವುದು, ಸ್ಕ್ರೂ ತಿರುಗಿಸಿ ಐಡಲ್ ಹೊಂದಿಸುವುದು, ಚೈನಿಗೆ ಎಣ್ಣೆ ಬಿಡುವುದು, ಇವೆಲ್ಲ ಓಡಿಸುವ ಕಲಿಕೆಯ ಭಾಗವೇ ಆಗಿದ್ದವು. ಇಂಜೆಕ್ಷನ್ ಗಾಡಿಯಲ್ಲಿ ಎಷ್ಟು ಪೆಟ್ರೋಲ್ ಎಷ್ಟು ಗಾಳಿ ಎಂಬುದನ್ನು ಸೆನ್ಸರ್‌ಗಳ ಮಾತು ಕೇಳಿ ಒಂದು ಪುಟ್ಟ ಕಂಪ್ಯೂಟರ್ ತೀರ್ಮಾನಿಸುತ್ತದೆ. ಚಳಿಯಲ್ಲಿ ಚೋಕ್ ಎಳೆಯಬೇಕಿಲ್ಲ, ಹೊಗೆ ಕಡಿಮೆ, ಎಲ್ಲವೂ ಸರಿ. ಕೆಟ್ಟರೆ ಮಾತ್ರ ಸ್ಕ್ಯಾನರ್ ಹಾಕಿ ನೋಡಬೇಕು, ಸ್ಕ್ಯಾನರ್ ಇರುವುದು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ. ಕುಷ್ಟಗಿಯ ಒಬ್ಬ ಮೆಕ್ಯಾನಿಕ್ ನನಗೆ ಹೇಳಿದ ಮಾತಿದು: ‘ಮೊದಲು ಹುಡುಗರು ಅಂಗಡಿಯ ಮುಂದೆ ಕುಳಿತು ನೋಡುತ್ತಿದ್ದರು ಸರ್. ಈಗ ಕೀಲಿ ಕೊಟ್ಟು ಹೋಗುತ್ತಾರೆ, ಫೋನ್ ಮಾಡಿ ಎಂದು ಹೇಳುತ್ತಾರೆ.’

ಮನೆಯೊಳಗಿನ ಬದಲಾವಣೆ ಇದಕ್ಕಿಂತ ಸದ್ದಿಲ್ಲದ್ದು. ಹಿಂದೆ ಮಗ ಗಾಡಿ ಕಲಿಯಲೇಬೇಕಿತ್ತು, ಏಕೆಂದರೆ ಮನೆಗೆ ಅವನ ಗಾಡಿ ಬೇಕಿತ್ತು. ಅವ್ವನನ್ನು ಆಸ್ಪತ್ರೆಗೆ, ತಂಗಿಯನ್ನು ಪರೀಕ್ಷಾ ಕೇಂದ್ರಕ್ಕೆ, ಅತ್ತೆಯನ್ನು ಬಸ್ ನಿಲ್ದಾಣಕ್ಕೆ ಬಿಟ್ಟು ಬರುವ ಕೆಲಸ ಅವನದು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾಯಿತು. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು ಊರ ಮುಂದೆ ನಿಲ್ಲುವಾಗ ಮಗ ನಿದ್ದೆಯಿಂದ ಎದ್ದು ಬರುವುದನ್ನು ಅವ್ವ ಏಕೆ ಕಾಯಬೇಕು? ತಂಗಿಯಂತೂ ತಾನೇ ಸ್ಕೂಟರ್ ಓಡಿಸುತ್ತಾಳೆ. ನನ್ನ ಕಣ್ಣಿಗೆ ಈ ಇಡೀ ಕಥೆಯಲ್ಲಿ ಅತಿ ದೊಡ್ಡ ಸಂಗತಿ ಇದೇ. ಹುಡುಗರು ಬೈಕಿನಿಂದ ಇಳಿದದ್ದನ್ನು ಎಲ್ಲರೂ ಗಮನಿಸುತ್ತಾರೆ, ಅದೇ ಹೊತ್ತಿನಲ್ಲಿ ಹುಡುಗಿಯರು ಸ್ಕೂಟರ್ ಹತ್ತಿದ್ದನ್ನು ಪಕ್ಕದಲ್ಲಿಟ್ಟು ನೋಡುವವರು ಕಡಿಮೆ. ಮನೆಯಲ್ಲಿ ಒಂದೇ ಗಾಡಿಗೆ ದುಡ್ಡಿದ್ದರೆ, ಎಲ್ಲರೂ ಓಡಿಸಬಹುದಾದ ಗಾಡಿಯನ್ನೇ ಕೊಳ್ಳುತ್ತಾರೆ. ಸೀರೆ ಉಟ್ಟವರೂ ಓಡಿಸಬೇಕು, ಮುಂದೆ ಅಕ್ಕಿ ಚೀಲವೂ ಇಡಲು ಬರಬೇಕು. ಬೈಕಿನ ಪೆಟ್ರೋಲ್ ಟ್ಯಾಂಕಿನ ಮೇಲೆ ಚೀಲ ನಿಲ್ಲುವುದಿಲ್ಲ.

ಭಯದ ಪಾಲೂ ದೊಡ್ಡದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಸರಾಸರಿ ಮಹಿಳೆಗೆ 1.7 ಮಕ್ಕಳು. ನಮ್ಮ ಅಜ್ಜಿಯ ಮನೆಯಲ್ಲಿ ಐದು ಗಂಡುಮಕ್ಕಳಿದ್ದರು, ಒಬ್ಬ ಗಾಡಿ ಕಲಿತು ಮಂಡಿ ಒಡೆದುಕೊಂಡರೆ ಅರಿಶಿನ ಹಚ್ಚಿ ಮತ್ತೆ ಕಳಿಸುತ್ತಿದ್ದರು. ಒಬ್ಬನೇ ಮಗನಿರುವ ಮನೆಗೆ ಆ ಧೈರ್ಯ ಬರುವುದಿಲ್ಲ. ರಸ್ತೆಗಳೂ ಅಗಲವಾಗಿ ವೇಗ ಹೆಚ್ಚಿದೆ. ಬಳ್ಳಾರಿ, ಕೊಪ್ಪಳದ ಮೂಲಕ ಹುಬ್ಬಳ್ಳಿಗೆ ಹೋಗುವ ಹೆದ್ದಾರಿ 67ರಲ್ಲಿ ಅದಿರು ಮತ್ತು ಉಕ್ಕಿನ ಲಾರಿಗಳು. ಲಿಂಗಸುಗೂರು, ಸಿಂಧನೂರು, ಸಿರುಗುಪ್ಪದ ಹೆದ್ದಾರಿ 150ಎಯಲ್ಲಿ ಸುಗ್ಗಿ ಬಂತೆಂದರೆ ಹುಲ್ಲು ಹೇರಿದ ಟ್ರ್ಯಾಕ್ಟರ್‌ಗಳು, ಹಿಂದೆ ದೀಪವಿಲ್ಲ, ಅಗಲ ರಸ್ತೆಯಷ್ಟೇ. ರಾತ್ರಿ ಎಂಟರ ಮೇಲೆ ಮಗ ಬೈಕಿನಲ್ಲಿ ಬರುತ್ತಿದ್ದಾನೆ ಎಂದರೆ ಅವನು ಮನೆ ಮುಟ್ಟುವವರೆಗೆ ತಾಯಿ ಊಟ ಮಾಡುವುದಿಲ್ಲ. ಏಪ್ರಿಲ್, ಮೇ ತಿಂಗಳ ರಾಯಚೂರಿನಲ್ಲಿ ನಲವತ್ತು ಡಿಗ್ರಿ ಮೀರಿದ ಬಿಸಿಲು, ತಲೆಯ ಮೇಲೆ ಹೆಲ್ಮೆಟ್ಟು. ಇದರಲ್ಲಿ ಖುಷಿ ಹುಡುಕಬೇಕಾದರೆ ಹುಚ್ಚು ಬೇಕು. ನಮಗೆ ಇತ್ತು.

ಹೊರದೇಶಗಳಲ್ಲೂ ಯುವಕರು ಬೈಕ್ ಬಿಟ್ಟರು ಎಂಬ ಮಾತು ಬರುತ್ತದೆ, ಆದರೆ ಅಲ್ಲಿಯ ಕಾರಣವನ್ನು ಇಲ್ಲಿಗೆ ತಂದು ಅಂಟಿಸಬಾರದು. ಅಮೆರಿಕದಲ್ಲಿ ಬೈಕ್ ಹವ್ಯಾಸದ ವಸ್ತು. ಅಲ್ಲಿಯ ಮೋಟಾರ್ ಸೈಕಲ್ ಉದ್ಯಮ ಮಂಡಳಿಯ ಸಮೀಕ್ಷೆಯಂತೆ ಬೈಕ್ ಮಾಲೀಕರ ಮಧ್ಯಾಂಕ ವಯಸ್ಸು (ಅರ್ಧ ಜನ ಅದಕ್ಕಿಂತ ಚಿಕ್ಕವರು, ಅರ್ಧ ಜನ ದೊಡ್ಡವರು) 1990ರಲ್ಲಿ 32 ಇದ್ದದ್ದು 2018ರಲ್ಲಿ 50 ಆಗಿತ್ತು. ಅಂದರೆ ಅಂದು ಕೊಂಡವರೇ ಮುದುಕರಾಗುತ್ತಾ ಹೋದರು, ಹಿಂದೆ ಹೊಸಬರು ಬರಲಿಲ್ಲ. ನಮಗೆ ಹೆಚ್ಚು ಹತ್ತಿರದ ಪಾಠ ಜಪಾನಿನದು. ಹೋಂಡಾ, ಯಮಹಾ, ಸುಜುಕಿಗಳನ್ನು ಹುಟ್ಟುಹಾಕಿದ ಆ ದೇಶದಲ್ಲಿ 1982ರಲ್ಲಿ ಒಂದೇ ವರ್ಷ 32 ಲಕ್ಷದಷ್ಟು ದ್ವಿಚಕ್ರ ವಾಹನಗಳು ಮಾರಾಟವಾಗಿದ್ದವು, ಈಗ ನಾಲ್ಕು ಲಕ್ಷದ ಆಸುಪಾಸು. ಅದೇ 1982ರಲ್ಲಿ ಅಲ್ಲಿಯ ಪ್ರೌಢಶಾಲೆಗಳ ಪೋಷಕರ ಒಕ್ಕೂಟ ‘ಮೂರು ಬೇಡಗಳು’ ಎಂಬ ನಿರ್ಣಯ ಮಾಡಿತು: ಮಕ್ಕಳಿಗೆ ಲೈಸೆನ್ಸ್ ತೆಗೆಸಬೇಡಿ, ಬೈಕ್ ಕೊಡಿಸಬೇಡಿ, ಓಡಿಸಲು ಬಿಡಬೇಡಿ. ಅಪಘಾತಗಳಿಗೆ ಹೆದರಿ ಮಾಡಿದ ನಿರ್ಣಯ ಅದು, ತಪ್ಪೆನ್ನಲಾಗದು. ಮಾರಾಟ ಕುಸಿಯಲು ಅದೊಂದೇ ಕಾರಣವೂ ಅಲ್ಲ. ಆದರೆ ಹದಿನಾರರಲ್ಲಿ ಕಲಿಯದೆ ಉಳಿದವರು ಮೂವತ್ತರಲ್ಲಿ ಕಲಿಯಲು ಬರಲಿಲ್ಲ. ಕಲಿಯುವ ವಯಸ್ಸು ಎಂಬುದೊಂದಿದೆ, ಅದು ದಾಟಿದರೆ ಆಸೆಯೂ ಅದರೊಂದಿಗೆ ದಾಟಿಹೋಗುತ್ತದೆ.

ಮೊಬೈಲಿನ ವಿಷಯಕ್ಕೆ ಬರುತ್ತೇನೆಂದು ಹೇಳಿದ್ದೆ. ನಾವು ಗಾಡಿ ಹತ್ತಿ ಹುಡುಕಿಕೊಂಡು ಹೋಗುತ್ತಿದ್ದದ್ದು ಗೆಳೆಯರನ್ನು, ಸಿನಿಮಾವನ್ನು, ಅಪ್ಪನ ಕಣ್ಣಿಗೆ ಬೀಳದ ಎರಡು ತಾಸನ್ನು. ಮೂರೂ ಈಗ ಹಾಸಿಗೆಯ ಮೇಲೆ ಮಲಗಿದ್ದಲ್ಲೇ ಸಿಗುತ್ತವೆ. ದುಡ್ಡು ಕೂಡಿಟ್ಟ ಹುಡುಗ ಮೊದಲು ಕೊಳ್ಳುವುದೂ ಒಳ್ಳೆಯ ಮೊಬೈಲನ್ನೇ. ಅಷ್ಟು ಸತ್ಯ. ಆದರೆ ಮೊಬೈಲ್ ಇಲ್ಲದಿದ್ದರೂ ಅಪ್ಪನ ಜೇಬಿನಿಂದ ಕೀಲಿ ಹೊರಗೆ ಬರುತ್ತಿರಲಿಲ್ಲ.

ಊರು ಬಿಡುವವರ ಲೆಕ್ಕ ಬೇರೆಯೇ ಇದೆ. ದೇವದುರ್ಗದಿಂದಲೋ ಯಲಬುರ್ಗಾದಿಂದಲೋ ಬೆಂಗಳೂರಿಗೆ ಹೋದ ಹುಡುಗ ಪಿಜಿಯಲ್ಲಿ ಉಳಿಯುತ್ತಾನೆ, ಮೆಟ್ರೋ ಹಿಡಿಯುತ್ತಾನೆ. ಮನೆ ಮನೆಗೆ ಊಟ ತಲುಪಿಸುವ ಕೆಲಸಕ್ಕೆ ಸೇರಿದರೆ ಬೈಕ್ ಬೇಕೇ ಬೇಕು ಎಂದು ನಾನು ತಿಳಿದಿದ್ದೆ. ಹೋಗಿ ನೋಡಿದರೆ ಅಲ್ಲಿ ದಿನಕ್ಕಿಷ್ಟು, ವಾರಕ್ಕಿಷ್ಟು ಎಂದು ಬಾಡಿಗೆಗೆ ಸಿಗುವ ನಿಧಾನ ವೇಗದ ವಿದ್ಯುತ್ ಗಾಡಿಗಳ ಸಾಲು. ಲೈಸೆನ್ಸ್ ಇಲ್ಲ, ಗೇರ್ ಇಲ್ಲ, ಸಾಲವಿಲ್ಲ. ಗಾಡಿಯ ಮೇಲೆಯೇ ದುಡಿದು ತಿನ್ನುವ ಹುಡುಗನಿಗೂ ಗಾಡಿ ಸ್ವಂತದ್ದಾಗಬೇಕಿಲ್ಲ, ಓಡಿಸುವ ವಿದ್ಯೆಯೂ ಬೇಕಿಲ್ಲ. ಇತ್ತ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಕೆಲಸಕ್ಕೆ ಹೋಗುವವರನ್ನು ಕಂಪನಿಯ ಬಸ್ಸು ಮನೆಯ ಹತ್ತಿರದಿಂದಲೇ ಹತ್ತಿಸಿಕೊಳ್ಳುತ್ತದೆ.

ಇನ್ನೂ ಗೇರ್ ಬೈಕನ್ನು ಬಿಡದೆ ಹಿಡಿದುಕೊಂಡವರು ಯಾರು ಎಂದರೆ, ದಾರಿ ಕೆಟ್ಟದಾಗಿರುವ ಊರಿನವರು. ಹೊಲದ ಕರಿ ಮಣ್ಣಿನ ದಾರಿಯಲ್ಲಿ ಸ್ಕೂಟರಿನ ಪುಟ್ಟ ಚಕ್ರ ಹೂತುಕೊಳ್ಳುತ್ತದೆ, ದೊಡ್ಡ ಚಕ್ರದ ಸ್ಪ್ಲೆಂಡರೋ ಎಕ್ಸ್‌ಎಲ್ಲೋ ದಾಟುತ್ತದೆ. ವಿದ್ಯುತ್ ಗಾಡಿಗೆ ಚಾರ್ಜ್ ಮಾಡಲು ಹೊಲದಲ್ಲಿ ತ್ರೀ ಫೇಸ್ ಕರೆಂಟ್ ಬರುವ ಹೊತ್ತು ಕಾಯಬೇಕು ಎಂದು ಭಾವನವರು ಗೇಲಿ ಮಾಡುತ್ತಾರೆ. ಶಕ್ತಿನಗರದ ಉಷ್ಣ ಸ್ಥಾವರ ನಮ್ಮದೇ ಜಿಲ್ಲೆಯಲ್ಲಿದ್ದು 1985ರಿಂದ ಕರೆಂಟ್ ಕೊಡುತ್ತಿದೆ, ಅವರ ಗೇಲಿಯೂ ಹೆಚ್ಚುಕಡಿಮೆ ಅಷ್ಟೇ ಹಳೆಯದು.

ಕಳೆದ ಬೇಸಿಗೆಯಲ್ಲಿ ನಾನೇ ಹಟ ಹಿಡಿದೆ. ಹೊಸ ಬ್ಯಾಟರಿ ಹಾಕಿಸಿ, ಟೈರಿಗೆ ಗಾಳಿ ತುಂಬಿಸಿ, ಹಳೆಯ ಪೆಟ್ರೋಲ್ ಸುರಿದು ಹೊಸದು ಹಾಕಿ ಸ್ಪ್ಲೆಂಡರನ್ನು ಎಬ್ಬಿಸಿದೆ. ಏಳನೇ ಕಿಕ್ಕಿಗೆ ಎದ್ದಿತು. ಭಾವನವರು ಕಟ್ಟೆಯ ಮೇಲೆ ಕುಳಿತೇ ಸದ್ದು ಕೇಳಿ ಗುರುತು ಹಿಡಿದರು, ಟ್ಯಾಪೆಟ್ ಸ್ವಲ್ಪ ಸಡಿಲ ಇದೆ ಎಂದರು. ‘ಬಾರೋ, ಕಾಲುವೆ ಏರಿಗೆ ಹೋಗೋಣ’ ಎಂದು ಅಳಿಯನನ್ನು ಕರೆದೆ. ಅವನು ಬಂದ, ಗಾಡಿಯ ಹಿಂದೆ ಹೋಗಿ ನಂಬರ್ ಪ್ಲೇಟ್ ನೋಡಿದ, ಮೊಬೈಲಿನಲ್ಲಿ ಏನನ್ನೋ ಒತ್ತಿದ.

‘ಮಾಮಾ, ಇದರ ಇನ್ಶೂರೆನ್ಸ್ ಮುಗಿದು ಎರಡು ವರ್ಷ ಆಗಿದೆ. ಹೊಗೆ ತಪಾಸಣೆಯ ಸರ್ಟಿಫಿಕೇಟ್ ಕೂಡ ಇಲ್ಲ. ಸಿಕ್ಕಿಬಿದ್ದರೆ ಇನ್ಶೂರೆನ್ಸಿಗೇ ಎರಡು ಸಾವಿರ ದಂಡ. ಗೇರ್ ಗಾಡಿಗೆ ನನ್ನ ಹತ್ತಿರ ಎಲ್‌ಎಲ್‌ಆರ್ ಇಲ್ಲ.’

ಎಂಜಿನ್ ಇನ್ನೂ ಓಡುತ್ತಿತ್ತು. ಭಾವನವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಬ್ಬರೂ ಎಲ್‌ಎಲ್‌ಆರ್ ಎಂಬ ಪದ ಕೇಳುವುದಕ್ಕೆ ನಾಲ್ಕೈದು ವರ್ಷ ಮೊದಲೇ ಗಾಡಿ ಕಲಿತವರು. ಕೊನೆಗೆ ನಾನೊಬ್ಬನೇ, ಇನ್ಶೂರೆನ್ಸ್ ಇಲ್ಲದ ಗಾಡಿಯ ಮೇಲೆ, ಹಿಂದಿನ ಓಣಿಯಲ್ಲಿ ಒಂದು ರೌಂಡ್ ಹೊಡೆದು ಬಂದೆ.